ಮಗಳಿಗೆ ಕಿವಿ ಕೇಳಿಸುವುದಿಲ್ಲ, ಮೂರು ಮುಕ್ಕಾಲು ವರ್ಷ. ಊರಲ್ಲೇ ಶಾಲೆಗೆ ಹಾಕುವುದಾ, ಮೈಸೂರಿಗೆ ಹೋಗುವುದಾ?

ಚಿಂತಾಮಣಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಚಿಂತಾಮಣಿ ಹತ್ತಿರ ಒಂದು ಹಳ್ಳಿ. ಮಗಳಿಗೆ ಈಗ ಮೂರು ವರ್ಷ ಒಂಬತ್ತು ತಿಂಗಳು. ಎರಡೂವರೆ ವರ್ಷದ ತನಕ ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾಗಲಿಲ್ಲ ಅಂತ ಹೇಳುತ್ತೇನೆ, ಆದರೆ ನನಗೆ ಒಳಗೊಳಗೇ ಅನುಮಾನ ಇತ್ತು. ಪಾತ್ರೆ ಬಿದ್ದರೆ ತಿರುಗಿ ನೋಡುತ್ತಿದ್ದಳು, ಅದಕ್ಕೇ ನಮ್ಮತ್ತೆ "ಕೇಳಿಸುತ್ತೆ ಬಿಡು, ನಿನ್ನ ಗಂಡನೂ ಲೇಟಾಗೇ ಮಾತಾಡಿದ್ದು" ಅನ್ನುತ್ತಿದ್ದರು. ನೆಲ ಅದುರುವುದು ಕಾಲಿಗೆ ಗೊತ್ತಾಗಿ ತಿರುಗುತ್ತಿದ್ದಳು ಅಂತ ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಬೇರಾ ಟೆಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತೆ ಅಂತ ನೋಡುವ ಪರೀಕ್ಷೆ ಮಾಡಿಸಿದೆವು, ಎರಡೂ ಕಿವಿಯಲ್ಲಿ 90 ಡೆಸಿಬಲ್ ಮೇಲೆ, ಅಂದರೆ ತುಂಬಾ ಜೋರು ಸದ್ದಾದರೆ ಮಾತ್ರ. ಹಿಯರಿಂಗ್ ಏಡ್ ಹಾಕಿ ಒಂದು ವರ್ಷ ಆಯಿತು. ತಮಟೆ ಹೊಡೆದರೆ ತಿರುಗುತ್ತಾಳೆ. ಹೆಸರು ಹಿಡಿದು ಕರೆದರೆ ಇಲ್ಲ.

ನಾನು ಸೋದರಮಾವನನ್ನೇ ಮದುವೆ ಆಗಿದ್ದೇನೆ. ಅದಕ್ಕೇ ಹೀಗಾಯಿತು ಅಂತ ಊರವರೆಲ್ಲ ಹೇಳಿ ಮುಗಿಸಿದ್ದಾರೆ, ನೀವು ಹೇಳಬೇಡಿ ದಯವಿಟ್ಟು.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಡಾಕ್ಟರು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಮೆಷಿನ್, ಮಾಡಿಸಿ ಅಂತಾರೆ. ನಮ್ಮ ಭಾವ ಚಿಂತಾಮಣಿಯಲ್ಲೇ ಇಂಗ್ಲಿಷ್ ಮೀಡಿಯಂ ಕಾನ್ವೆಂಟಿಗೆ ಹಾಕಿ, ಮಕ್ಕಳ ಜೊತೆ ಸೇರಿದರೆ ಮಾತು ತಾನಾಗೇ ಬರುತ್ತೆ ಅಂತಾರೆ. ಯಾರೋ ಮೈಸೂರಿಗೆ ಹೋಗಿ, ಅಲ್ಲಿ ತಾಯಿಗೂ ಜೊತೆಯಲ್ಲೇ ಕಲಿಸುತ್ತಾರೆ ಅಂದರು. ಇನ್ನೊಬ್ಬರು ಕೈಸನ್ನೆ ಮಾತ್ರ ಕಲಿಸಲೇಬೇಡಿ, ಕಲಿಸಿದರೆ ಬಾಯಿ ಬಿಡುವುದೇ ಇಲ್ಲ ಅಂತ ಹೆದರಿಸಿದರು. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾನ್ವೆಂಟಿಗೆ ಹಾಕಿದರೆ ಇಂಗ್ಲಿಷ್. ಯಾವ ಭಾಷೆಯಲ್ಲಿ ಮಾತಾಡಿಸಬೇಕು ಅಂತಲೇ ಗೊತ್ತಿಲ್ಲ.

ನಮ್ಮವರು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ವ್ಯಾಪಾರದಲ್ಲಿ ಕೂಲಿ ಕೆಲಸ ಮಾಡುತ್ತಾರೆ, ಎರಡು ಹಸು ಇವೆ. ಅವರು ಕೇಳುವುದು ಒಂದೇ ಪ್ರಶ್ನೆ: ನಾವು ಹೋದ ಮೇಲೆ ಇವಳು ಏನು ಕೆಲಸ ಮಾಡಿಕೊಂಡು ಬದುಕುತ್ತಾಳೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಂಥ ಮಕ್ಕಳನ್ನು ಬೆಳೆಸಿದವರು ಇದ್ದರೆ ಹೇಳಿ.

ಮಾಲೂರು_ಅಪ್ಪ

ಅಕ್ಕ, ಶಾಲೆಯ ವಿಷಯ ಒಂದು ತಿಂಗಳು ತಡವಾದರೂ ಪರವಾಗಿಲ್ಲ. ಇಂಪ್ಲಾಂಟ್ ವಿಷಯ ಹಾಗಲ್ಲ. ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ 5 ವರ್ಷದೊಳಗೆ ಆಪರೇಷನ್ ಆಗಬೇಕು, ಖರ್ಚನ್ನು ಒಂದು ಮಿತಿಯವರೆಗೆ ಕೊಡುತ್ತಾರೆ, ಆದಾಯದ ಮಿತಿಯೂ ಇದೆ. ರಾಜ್ಯದ್ದೂ ಶ್ರವಣ ಸಂಜೀವಿನಿ ಅಂತ ಇದೆ, ಅದೂ ಚಿಕ್ಕ ಮಕ್ಕಳಿಗೇ. ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಇವತ್ತೇ ಕೇಳಿ. ಸಿಟಿ, ಎಂಆರ್‌ಐ ಮಾಡಿ ಕಿವಿಯ ನರ ಸರಿ ಇದೆಯಾ ನೋಡುತ್ತಾರೆ, ಆಪರೇಷನ್ನಿಗೆ ಮುಂಚೆ ನ್ಯುಮೋನಿಯಾ ಲಸಿಕೆ ಹಾಕುತ್ತಾರೆ. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತೆ.

ನನ್ನ ಮಗನಿಗೆ ನಾಲ್ಕು ವರ್ಷಕ್ಕೆ ಆಯಿತು. ಆಪರೇಷನ್ ಆದ ಮಾರನೇ ದಿನವೇ ಮಾತಾಡುತ್ತಾನೆ ಅಂದುಕೊಂಡು ನಮ್ಮಮ್ಮ ಕೋಲಾರಮ್ಮನಿಗೆ ಹರಕೆ ಹೊತ್ತಿದ್ದರು. ಆ ಮೆಷಿನ್ ಆನ್ ಮಾಡುವುದೇ ಮೂರು ನಾಲ್ಕು ವಾರ ಬಿಟ್ಟು, ಗಾಯ ಮಾಗಿದ ಮೇಲೆ. ಆನ್ ಮಾಡಿದ ದಿನ ಅವನು ಕಿತ್ತು ಬಿಸಾಕಿ ಅತ್ತ. ಆಮೇಲೆ ವಾರಕ್ಕೆ ಎರಡು ದಿನ ರೈಲು ಹತ್ತಿ ಬೆಂಗಳೂರಿಗೆ ಥೆರಪಿಗೆ. ಎರಡು ವರ್ಷ. ಆ ಎರಡು ದಿನದ ಕೂಲಿ ಯಾವ ಯೋಜನೆಯೂ ಕೊಡಲ್ಲ. ಮೊದಲ ಮಾತು ಬಂದಿದ್ದು ಒಂಬತ್ತು ತಿಂಗಳಿಗೆ: "ಬಾ". ನನ್ನ ಹೆಂಡತಿ ಅವತ್ತು ಅಡುಗೆ ಮಾಡಲಿಲ್ಲ, ಸುಮ್ನೆ ಬಾ ಬಾ ಅನ್ನಿಸಿಕೊಂಡು ಕೂತಿದ್ದಳು.

ಈಗ ಮೂರನೇ ಕ್ಲಾಸು, ಊರಿನ ಸರ್ಕಾರಿ ಶಾಲೆ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾನೆ. ಕ್ಲಾಸಿನಲ್ಲಿ ನಲವತ್ತು ಮಕ್ಕಳು ಗಲಾಟೆ ಮಾಡಿದರೆ ಅವನಿಗೆ ಎಲ್ಲ ಕಲಸುಮೇಲೋಗರ. ಮೇಡಂ ಬೋರ್ಡಿನ ಕಡೆ ತಿರುಗಿ ಪಾಠ ಮಾಡಿದರೆ ಮುಗಿಯಿತು. ಹೊರಗಿನ ಮೆಷಿನ್ನಿನ ವೈರು ಎರಡು ಸಲ ಕಿತ್ತಿತು, ವಾರಂಟಿ ಮುಗಿದ ಮೇಲೆ ಅದು ನಮ್ಮ ಕೈಯಿಂದಲೇ. ಮೆಷಿನ್ ತೆಗೆದರೆ ಅವನು ಮತ್ತೆ ಕಿವುಡನೇ, ಇದು ನೆನಪಿರಲಿ. ಸ್ನಾನಕ್ಕೆ, ಮಲಗುವುದಕ್ಕೆ, ಬ್ಯಾಟರಿ ಹೋದಾಗ.

ಭಾಷೆ ವಿಷಯ: ನಮ್ಮ ಮನೆಯಲ್ಲೂ ತೆಲುಗೇ. ಥೆರಪಿ ಮೇಡಂ ಮೊದಲು ಒಂದೇ ಭಾಷೆ ಗಟ್ಟಿ ಮಾಡಿ ಅಂದರು, ನಾವು ಕನ್ನಡ ಹಿಡಿದೆವು. ಅಜ್ಜಿಗೂ ಮೊಮ್ಮಗನಿಗೂ ನಡುವೆ ಇದರಿಂದ ಸ್ವಲ್ಪ ದೂರ ಆಯಿತು. ಆ ಲೆಕ್ಕವನ್ನೂ ಹಾಕಿಕೊಳ್ಳಿ. ಕಾನ್ವೆಂಟ್ ಬೇಡವೇ ಬೇಡ.

ಗುಬ್ಬಿ_ಮೇಷ್ಟ್ರು

ತಾಯಿ, ನಾನು ಕಿವುಡ ಮಕ್ಕಳಿಗೆ ಪಾಠ ಮಾಡಿಯೇ ರಿಟೈರ್ ಆದವನು. ಮಾಲೂರಿನವರು ಹೇಳಿದ್ದರಲ್ಲಿ ಬಹಳ ಸತ್ಯ ಇದೆ. ಆದರೆ "ಕೈಸನ್ನೆ ಕಲಿಸಿದರೆ ಬಾಯಿ ಬಿಡುವುದಿಲ್ಲ" ಅಂತ ಯಾರೋ ಹೇಳಿದರಲ್ಲ, ಆ ಮಾತನ್ನು ನಾನೂ ಇಪ್ಪತ್ತು ವರ್ಷ ಅಪ್ಪ ಅಮ್ಮಂದಿರಿಗೆ ಹೇಳಿದ್ದೇನೆ. ಅದು ತಪ್ಪು.

ನಮ್ಮ ಟ್ರೈನಿಂಗ್ ಹಾಗಿತ್ತು. ಮಕ್ಕಳು ಕೈ ಕಟ್ಟಿ ಕೂರಬೇಕು, ನಮ್ಮ ತುಟಿ ನೋಡಬೇಕು. ನೀವೇ ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಪಾವು, ಬಾವು, ಮಾವು ಅಂತ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ. ಆ ಮಗು ಏನಂತ ಹಿಡಿಯಬೇಕು? ಹಗಲೆಲ್ಲ ನನ್ನ ಕ್ಲಾಸಿನಲ್ಲಿ ಕಲ್ಲಿನ ಹಾಗೆ ಕೂತ ಮಕ್ಕಳು ರಾತ್ರಿ ಹಾಸ್ಟೆಲಿನಲ್ಲಿ ದೀಪದ ಕೆಳಗೆ ಸೇರಿ ಕೈಯಲ್ಲಿ ಸಿನಿಮಾ ಕಥೆ ಹೇಳುವುದೇನು, ನನ್ನ ನಡಿಗೆಯನ್ನೇ ಅಣಕ ಮಾಡಿ ನಗುವುದೇನು! ಒಂದು ದಿನ ಕಿಟಕಿಯಿಂದ ನೋಡಿದೆ. ಇವರಿಗೆ ಬುದ್ಧಿ ಕಮ್ಮಿ ಅಂತ ನಾನು ಬರೆದಿದ್ದ ರಿಪೋರ್ಟು ನೆನಪಾಗಿ ನಾಚಿಕೆ ಆಯಿತು.

ಇದರ ಮೂಲ ಬಹಳ ಹಿಂದಿನದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಮೇಷ್ಟರುಗಳೆಲ್ಲ ಸೇರಿ ಕಿವುಡರ ಶಾಲೆಯಲ್ಲಿ ಸನ್ನೆ ಬೇಡ, ಬಾಯಿ ಮಾತೇ ಸಾಕು ಅಂತ ತೀರ್ಮಾನ ಮಾಡಿದರು. 2010ರಲ್ಲಿ ವ್ಯಾಂಕೂವರಿನಲ್ಲಿ ಅದೇ ಸಮ್ಮೇಳನ ಆ ತೀರ್ಮಾನಕ್ಕೆ ವಿಷಾದ ಹೇಳಿತು. ನೂರಮೂವತ್ತು ವರ್ಷ! ಅಷ್ಟರಲ್ಲಿ ಎಷ್ಟು ಮಕ್ಕಳ ಕೈ ಕಟ್ಟಿಸಿದೆವೋ.

ಇಂಪ್ಲಾಂಟ್ ಮಾಡಿಸಿ, ಬೇಡ ಅನ್ನುತ್ತಿಲ್ಲ. ಆದರೆ ಆಪರೇಷನ್ ಆಗಿ, ಮೆಷಿನ್ ಕೂತು, ಮಾತು ಬರುವಷ್ಟರಲ್ಲಿ ಮಗುವಿಗೆ ಐದು ದಾಟುತ್ತೆ. ಅಲ್ಲಿಯವರೆಗೆ ಅವಳು "ಯಾಕೆ" ಅಂತ ಯಾವ ಭಾಷೆಯಲ್ಲಿ ಕೇಳಬೇಕು? ನಾಳೆ, ನಿನ್ನೆ, ಹೆದರಿಕೆ ಇದನ್ನೆಲ್ಲ ಯಾವುದರಲ್ಲಿ ಯೋಚನೆ ಮಾಡಬೇಕು? ಸನ್ನೆ ಇವತ್ತಿಂದಲೇ ಶುರು ಮಾಡಿ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಯ ಸರ್ಕಾರಿ ಕೇಂದ್ರ ಆಯಿತು, ಅವರ ನಿಘಂಟಿನಲ್ಲಿ 2021ಕ್ಕೆ 10,000 ಪದ ಆಗಿವೆ, ಎಲ್ಲ ವಿಡಿಯೋ, ಯೂಟ್ಯೂಬಿನಲ್ಲಿ ದುಡ್ಡಿಲ್ಲದೆ ನೋಡಬಹುದು. ದಿನಕ್ಕೆ ಐದು ಪದ, ಮನೆಯವರೆಲ್ಲ ಸೇರಿ. ಕೈಯಲ್ಲಿ ತೆಲುಗು ಕನ್ನಡ ಜಗಳ ಇಲ್ಲ, ಅಜ್ಜಿಯೂ ಕಲಿಯಬಹುದು.

ಇನ್ನು ಶಾಲೆ. ಮೈಸೂರಿನ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೆ. ಅಲ್ಲಿಯ ಪ್ರೀಸ್ಕೂಲಿನಲ್ಲಿ ತಾಯಂದಿರೂ ಮಕ್ಕಳ ಜೊತೆ ಕಲಿಯುತ್ತಾರೆ. ಒಂದೆರಡು ವರ್ಷ ರೂಮು ಮಾಡಿಕೊಂಡು ಇರಬೇಕಾಗುತ್ತೆ. ಮಾತಿನ ಕಡೆ ಅವರದು ಒತ್ತು. ಬೆಂಗಳೂರಿನ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ, ನಿಮಗೆ ಅದು ಹತ್ತಿರ. ಇವನ್ನು ಒಂದು ಸಲ ಕಣ್ಣಾರೆ ನೋಡಿ ಬನ್ನಿ. ದೊಡ್ಡವಳಾದ ಮೇಲೆ ವಸತಿ ಶಾಲೆ ಬೇಕಾದರೆ ಮೈಸೂರಿನ ತಿಲಕ್‌ನಗರದ ಸರ್ಕಾರಿ ಶಾಲೆ ಇದೆ, 1901ರದು. ಹಾಸ್ಟೆಲ್ ಅಂದರೆ ಕರುಳು ಚುರುಕ್ ಅನ್ನುತ್ತೆ, ಗೊತ್ತು. ಆದರೆ ತನ್ನ ಹಾಗೇ ಇರುವ ಮಕ್ಕಳನ್ನು ಅಲ್ಲಿ ಮೊದಲ ಸಲ ನೋಡಿದಾಗ ಈ ಮಕ್ಕಳ ಮುಖ ನೋಡಬೇಕು.

ಊರಿನ ಶಾಲೆಗೇ ಹಾಕಿದರೂ ಬಿಇಒ ಆಫೀಸಿನ ಬಿಆರ್‌ಸಿಗೆ, ಅಂದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ವಿಶೇಷ ಮಕ್ಕಳ ಮೇಷ್ಟ್ರು ಅವರು, ಶಾಲೆ ಶಾಲೆಗೆ ಹೋಗಬೇಕು. ಒಬ್ಬರೇ ಇಡೀ ತಾಲ್ಲೂಕು ಸುತ್ತುತ್ತಾರೆ, ಪಾಪ. 2016ರ ವಿಕಲಚೇತನರ ಹಕ್ಕು ಕಾಯ್ದೆಯಲ್ಲಿ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. ಕಾನ್ವೆಂಟಿನವರು ಸೇರಿಸಿಕೊಳ್ಳಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಸೇರಿಸಿಕೊಂಡರೇ ಕಷ್ಟ.

ಹಿತವಚನ_88

ಇಷ್ಟೆಲ್ಲ ಯಾಕೆ ಮೇಡಂ. ಪಿಂಚಣಿ ಮಾಡಿಸಿ, ಒಂದು ಹೊಲಿಗೆ ಮೆಷಿನ್ ಕೊಡಿಸಿ, ಮನೆಯಲ್ಲೇ ಇರಲಿ. ಮೂಗ ಮಕ್ಕಳಿಗೆ ಹೊರಗೆ ಸೇಫ್ ಅಲ್ಲ.

ವೇಮಗಲ್_ಶಿಫ್ಟ್

ನಾನು ಕಿವುಡ. 31 ವರ್ಷ. ಹುಟ್ಟಿನಿಂದ. ನನ್ನ ಕನ್ನಡದಲ್ಲಿ ತಪ್ಪು ಇದ್ದರೆ ಕ್ಷಮಿಸಿ. ನನ್ನ ಮೊದಲ ಭಾಷೆ ಕೈ ಭಾಷೆ, ಕನ್ನಡ ಎರಡನೆಯದು. ತಂಗಿ ಒಂದು ಸಲ ಓದಿ ಸರಿ ಮಾಡಿದ್ದಾಳೆ.

ಹಿತವಚನ ಅವರೇ, ಮೂಗ ಅನ್ನಬೇಡಿ. ನನಗೆ ದನಿ ಇದೆ. ಅಮ್ಮನನ್ನು ಕೂಗಿದರೆ ಪಕ್ಕದ ಮನೆಯ ನಾಯಿ ಎದ್ದು ನಿಲ್ಲುತ್ತೆ.

ಅಕ್ಕ, ನಿಮ್ಮ ಯಜಮಾನರ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನಾನು ಹಾಸ್ಟೆಲಿನಲ್ಲಿ ಓದಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ನಮಗೆ ಭಾಷೆ ವಿಷಯದಲ್ಲಿ ರಿಯಾಯಿತಿ ಇತ್ತು, ಸಮಯವೂ ಜಾಸ್ತಿ ಕೊಟ್ಟರು. ಪಾಸಾದೆ. ಆಮೇಲೆ ಐಟಿಐ ಫಿಟ್ಟರ್. ಮೊದಲ ಕೆಲಸ ಬೆಂಗಳೂರಿನ ಗಾರ್ಮೆಂಟ್ಸ್, ಹೆಲ್ಪರ್. ಈಗ ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿ, ಏಳು ವರ್ಷ ಆಯಿತು. ನಮ್ಮ ಲೈನಿನಲ್ಲಿ ಕಿವುಡರು ಆರು ಜನ ಇದ್ದೇವೆ.

ಕೆಲಸ ಕಷ್ಟ ಅಲ್ಲ. ಮೆಷಿನ್ ಬೇರಿಂಗ್ ಹೋಗುತ್ತಿದ್ದರೆ ಕೈಯಿಟ್ಟ ತಕ್ಷಣ ನನಗೆ ಗೊತ್ತಾಗುತ್ತೆ, ಕೇಳುವವರಿಗೆ ಆಮೇಲೆ. ಕಷ್ಟ ಬೇರೆ. ಒಂದು ದಿನ ಕಂಪನಿ ಬಸ್ ಟೈಮು ಅರ್ಧ ಗಂಟೆ ಮುಂಚೆ ಮಾಡಿದರು. ಮೈಕಿನಲ್ಲಿ ಹೇಳಿದರಂತೆ. ನಾವು ಆರು ಜನ ಸ್ಟಾಪಿನಲ್ಲಿ ನಿಂತಿದ್ದೆವು. ಆರಕ್ಕೆ ಆರೂ ಜನಕ್ಕೆ ಗೈರು ಹಾಕಿದರು. ಓವರ್ ಟೈಮ್ ಇದೆ ಅಂತ ಬಾಯಲ್ಲಿ ಹೇಳುತ್ತಿದ್ದರು, ಕೇಳಿಸಿದವರು ಮಾಡುತ್ತಿದ್ದರು, ಆ ದುಡ್ಡು ಅವರಿಗೆ. ಎರಡು ವರ್ಷ ನಮಗೆ ಗೊತ್ತೇ ಇಲ್ಲ. ಒಬ್ಬ ಸೂಪರ್‌ವೈಸರ್ ಬಂದ, ಬಳ್ಳಾರಿ ಕಡೆಯವನು. ಒಂದು ವಾಟ್ಸಾಪ್ ಗ್ರೂಪ್ ಮಾಡಿ ಎಲ್ಲ ಅದರಲ್ಲಿ ಬರೆದು ಹಾಕುತ್ತೇನೆ ಅಂದ. ಅಷ್ಟೇ. ಖರ್ಚು ಸೊನ್ನೆ.

ಈಗಲೂ ಒಂದು ನೋವಿದೆ. ನಾನು ಕಲಿಸಿದ ಹುಡುಗ ಲೈನ್ ಲೀಡರ್ ಆದ. ನನಗೆ ಕೊಡಲಿಲ್ಲ. ಮೀಟಿಂಗಿನಲ್ಲಿ ಮಾತಾಡಬೇಕಲ್ಲ ಅಂತ ಬರೆದು ತೋರಿಸಿದರು. ನಾನು ಅದೇ ಚೀಟಿಯ ಹಿಂದೆ "ಬರೆಯಬಹುದು" ಅಂತ ಬರೆದೆ. ಮಡಚಿ ಜೇಬಿಗೆ ಇಟ್ಟುಕೊಂಡರು.

ಅದಕ್ಕೇ ಹೇಳುತ್ತೇನೆ. ಮಗಳಿಗೆ ಓದು, ಬರಹ ಗಟ್ಟಿ ಮಾಡಿ. ಮಾತು ಬಂದರೆ ಒಳ್ಳೆಯದು. ಬರದಿದ್ದರೂ ಬರೆದರೆ ಬದುಕಬಹುದು. ನನ್ನ ಜೊತೆ ಓದಿದವನು ಚೆನ್ನಾಗಿ ಬರೆಯುತ್ತಿದ್ದ, ಮೈಸೂರಿನ ಜೆಎಸ್‌ಎಸ್ ವಿಕಲಚೇತನರ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದ. ಬ್ಯಾಂಕ್ ಪರೀಕ್ಷೆ ಬರೆದ, ಈಗ ಕ್ಲರ್ಕ್. ಕೇಂದ್ರ ಸರ್ಕಾರದ ಕೆಲಸದಲ್ಲಿ ವಿಕಲಚೇತನರಿಗೆ 4% ಇದೆ, ಅದರಲ್ಲಿ 1% ಕಿವುಡರಿಗೆ ಮತ್ತು ಕಡಿಮೆ ಕೇಳುವವರಿಗೆ. ಡಿಗ್ರಿ ಬೇಕಾದರೆ ತಿರುವನಂತಪುರದ ವಾಕ್ ಶ್ರವಣ ಸಂಸ್ಥೆ ನಿಶ್‌ನಲ್ಲಿ ಕಿವುಡರಿಗೇ ಅಂತ ಕಂಪ್ಯೂಟರ್, ಬಿಕಾಂ ಇದೆ. ಸನ್ನೆ ಭಾಷೆ ಕಲಿಸುವ ಟೀಚರ್ ಆಗಲು ದೆಹಲಿ ಕೇಂದ್ರದಲ್ಲಿ ಡಿಪ್ಲೊಮಾ ಇದೆ, ಅದು ಕಿವುಡರಿಗೇ. ಹೋಟೆಲ್ ಕೆಲಸವೂ ಇದೆ. ಲೆಮನ್ ಟ್ರೀ ಹೋಟೆಲಿನವರು ಕಿವುಡರನ್ನು ತೆಗೆದುಕೊಳ್ಳುತ್ತಾರೆ. ಹೊಸೂರಿನ ಟೈಟಾನ್‌ನಲ್ಲಿ ನಮ್ಮವರು ಮೊದಲಿಂದ ಇದ್ದಾರೆ. ನಾನು ಬೈಕ್ ಓಡಿಸುತ್ತೇನೆ, ಡಿಎಲ್ ಇದೆ. ಮದುವೆ ಆಗಿದೆ, ಹೆಂಡತಿಯೂ ಕಿವುಡಿ. ಮಗನಿಗೆ ಕೇಳಿಸುತ್ತೆ. ಅವನು ಪಾಪು ಇದ್ದಾಗ ರಾತ್ರಿ ಅತ್ತರೆ ಗೊತ್ತಾಗಲಿ ಅಂತ ಅವನ ಎದೆ ಮೇಲೆ ಕೈಯಿಟ್ಟೇ ಮಲಗುತ್ತಿದ್ದೆವು, ಒಂದು ರಾತ್ರಿ ನಾನು, ಒಂದು ರಾತ್ರಿ ಅವಳು.

ಇನ್ನೊಂದು. ನಮ್ಮಪ್ಪ ಅಮ್ಮ ಒಳ್ಳೆಯವರು. ಸನ್ನೆ ಕಲಿಯಲಿಲ್ಲ. ಊಟ, ನೀರು, ಮಲಗು, ಇಷ್ಟೇ. ಹೊಸತೊಡಕಿಗೆ ಎಲ್ಲರೂ ಸೇರುತ್ತಾರೆ. ನಗುತ್ತಾರೆ. ಏನು ಅಂತ ಕೇಳಿದರೆ ಅಮ್ಮ "ಆಮೇಲೆ ಹೇಳುತ್ತೇನೆ" ಅಂತ ಕೈ ಮಾಡುತ್ತಾಳೆ. ಎಷ್ಟೋ ವರ್ಷದ ಆಮೇಲೆ ಬಾಕಿ ಇದೆ. ತಂಗಿ ಮಾತ್ರ ಕಲಿತಳು, ಅವಳಿಂದಲೇ ನನಗೆ ನಮ್ಮ ಮನೆಯ ಕಥೆಗಳು ಗೊತ್ತು.

ನಿಮ್ಮ ಮಗಳಿಗೆ ಕೈಹೆಸರು, ಅಂದರೆ ಸನ್ನೆಯಲ್ಲಿ ಕರೆಯುವ ಹೆಸರು, ಇಟ್ಟಿದ್ದೀರಾ? ನಮ್ಮವರಲ್ಲಿ ಎಲ್ಲರಿಗೂ ಒಂದು ಇರುತ್ತೆ.

ಮಾಲೂರು_ಅಪ್ಪ

ವೇಮಗಲ್ ಅಣ್ಣ, ನಿಮ್ಮದು ಓದಿ ಸುಮ್ಮನೆ ಕೂತುಬಿಟ್ಟೆ. ನಾವು ಮಗನಿಗೆ ಸನ್ನೆ ಕಲಿಸಿಲ್ಲ. ಥೆರಪಿಯಲ್ಲಿ ಬೇಡ ಅಂದಿದ್ದರು. ಮೆಷಿನ್ ಬಿಚ್ಚಿದ ಮೇಲೆ ರಾತ್ರಿ ಅವನ ಜೊತೆ ನಾವು ಮಾತೇ ಆಡುವುದಿಲ್ಲ ಅಂತ ಈಗ ಹೊಳೆಯಿತು. ಆದರೂ ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಒಪ್ಪಲ್ಲ, ಎರಡೂ ಒಟ್ಟಿಗೆ ಶುರು ಮಾಡಿದ್ದರೆ ಅವನಿಗೆ ಇಷ್ಟು ಮಾತು ಬರುತ್ತಿತ್ತಾ ಅಂತ ಅನುಮಾನ ನನಗಿದೆ.

ಗುಬ್ಬಿ_ಮೇಷ್ಟ್ರು

ಅನುಮಾನ ಇರಲಿ ಸ್ವಾಮಿ. ರಾತ್ರಿಯ ಮಾತಿಗೆ ಮೊದಲು ಒಂದು ದಾರಿ ಮಾಡಿ.

ತುಮಕೂರು_ಎಚ್‌ಆರ್

ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯ ಎಚ್‌ಆರ್ ನಾನು. ಒಳಗಿನ ಮಾತು ಹೇಳುತ್ತೇನೆ. ಕಿವುಡರನ್ನು ತೆಗೆದುಕೊಳ್ಳದಿರಲು ಮ್ಯಾನೇಜರುಗಳು ಹೇಳುವ ಮೊದಲ ನೆಪ ಸೇಫ್ಟಿ, ಬೆಂಕಿ ಸೈರನ್ ಕೇಳಿಸಲ್ಲ ಅಂತ. ಸೈರನ್ ಜೊತೆ ಮಿನುಗುವ ಕೆಂಪು ದೀಪ ಹಾಕಿದರೆ ಮುಗಿಯಿತು, ಪಕ್ಕದವರು ಭುಜ ತಟ್ಟಬೇಕು ಅಂತ ಡ್ರಿಲ್‌ನಲ್ಲೇ ಕಲಿಸಬೇಕು. ಅದಕ್ಕಿಂತ ಫೋರ್ಕ್‌ಲಿಫ್ಟ್ ಓಡಾಡುವ ದಾರಿ ನಿಜವಾದ ಅಪಾಯ, ಹಿಂದಿನಿಂದ ಹಾರ್ನ್ ಹೊಡೆದರೆ ಗೊತ್ತಾಗಲ್ಲ, ಅಲ್ಲಿ ನಾವು ನೆಲಕ್ಕೆ ಬಣ್ಣ ಬಳಿದು ಕನ್ನಡಿ ಹಾಕಿಸಿದೆವು.

20 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಖಾಸಗಿ ಕಂಪನಿ ಕೂಡ ಸಮಾನ ಅವಕಾಶದ ನೀತಿ ಬರೆದಿಡಬೇಕು, ಯಾವ ಯಾವ ಹುದ್ದೆ ವಿಕಲಚೇತನರಿಗೆ ಆಗುತ್ತೆ ಅಂತ ಪಟ್ಟಿ ಮಾಡಬೇಕು. ವೇಮಗಲ್ ಅವರೇ, ನಿಮ್ಮ ಕಂಪನಿಯಲ್ಲಿ ಅದನ್ನು ಬರವಣಿಗೆಯಲ್ಲಿ ಕೇಳಿ. ಕೇಳಿದವರು ಕಡಿಮೆ, ಅದಕ್ಕೇ ಬೀರುವಿನಲ್ಲಿ ಇರುತ್ತೆ. ಖಾಸಗಿಯಲ್ಲಿ ಬಡ್ತಿಗೆ ಕಾನೂನಿನ ಬಲ ಅಷ್ಟಿಲ್ಲ, ಸುಳ್ಳು ಭರವಸೆ ಕೊಡಲ್ಲ.

ಅಕ್ಕ, ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳು ಟ್ರೈನಿಂಗ್ ಕೊಟ್ಟು ಕೆಲಸಕ್ಕೆ ಕಳಿಸುತ್ತವೆ. ಅದು ಹದಿನೆಂಟು ವರ್ಷದ ಮಾತು. ಈಗ ಮಾಡಬೇಕಾದ್ದು ಯುಡಿಐಡಿ ಕಾರ್ಡು, ವಿಕಲಚೇತನರ ಗುರುತಿನ ಚೀಟಿ. ಎಲ್ಲದಕ್ಕೂ ಅದೇ ಬೇಕು, ಬಸ್ ಪಾಸಿಗೂ. ವಿಕಲಚೇತನರ ಕೆಲಸ ನೋಡಿಕೊಳ್ಳಲು ನಿಮ್ಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರು ಇರುತ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ. ಅರ್ಜಿ ಅವರೇ ಹಾಕಿಕೊಡುತ್ತಾರೆ.

ಚಿಂತಾಮಣಿ_ಅಮ್ಮ

ಎಲ್ಲರ ಮಾತನ್ನೂ ನಮ್ಮವರಿಗೆ ಓದಿ ಹೇಳಿದೆ. ಚೀಟಿಯ ಕಥೆ ಇನ್ನೊಂದು ಸಲ ಓದು ಅಂದರು. ಆಮೇಲೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದು "ಇವಳಿಗೆ ಮೊದಲು ಅಕ್ಷರ ಕಲಿಸೋಣ" ಅಂದರು.

ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆವು, ಇಂಪ್ಲಾಂಟಿಗೆ ಹೆಸರು ಬರೆಸಿದ್ದೇವೆ. ಲಿಂಗರಾಜಪುರಕ್ಕೆ ಮುಂದಿನ ವಾರ. ಮೈಸೂರು ಇನ್ನೂ ತೀರ್ಮಾನ ಆಗಿಲ್ಲ, ಹಸು ಮಾರಬೇಕಾಗುತ್ತೆ. ಭಾವನಿಗೆ ಕಾನ್ವೆಂಟ್ ಬೇಡ ಅಂದಿದ್ದಕ್ಕೆ ಸಿಟ್ಟು, ಇರಲಿ.

ಯೂಟ್ಯೂಬ್ ನೋಡಿ ಹಾಲು, ಹಸು, ನೀರು, ಬೇಕು, ಸಾಕು ಕಲಿತೆವು. ಮೂರನೇ ದಿನ ಅವಳೇ ಕೊಟ್ಟಿಗೆ ಬಾಗಿಲಲ್ಲಿ ನಿಂತು ಹಸು, ನೀರು, ಬೇಕು ಅಂತ ಕೈ ಮಾಡಿದಳು. ನಿಜವಾಗಲೂ ಬಾನಿ ಖಾಲಿ ಇತ್ತು.

ವೇಮಗಲ್ ತಮ್ಮ, ಕೈಹೆಸರು ಅತ್ತೆಯೇ ಇಟ್ಟರು. ಅವಳ ಗಲ್ಲದ ಮೇಲೆ ಒಂದು ಮಚ್ಚೆ ಇದೆ, ಅಲ್ಲಿ ಬೆರಳಿಡುವುದು. ಸರಿ ಇದೆಯಾ?

ಯುಡಿಐಡಿಗೆ ಮಂಗಳವಾರ ಬನ್ನಿ ಅಂದಿದ್ದಾರೆ. ಬೇರಾ ರಿಪೋರ್ಟ್ ಒರಿಜಿನಲ್ಲೇ ತೆಗೆದುಕೊಂಡು ಹೋಗಬೇಕಾ?

ವೇಮಗಲ್_ಶಿಫ್ಟ್

ಹೆಸರು ಚೆನ್ನಾಗಿದೆ ಅಕ್ಕ. ನಮ್ಮ ಲೈನಿನಲ್ಲಿ ಒಬ್ಬನಿಗೆ ಇಂಥದೇ ಹೆಸರು, ಅವನಿಗೆ ಮಚ್ಚೆ ಮೂಗಿನ ಮೇಲೆ.

ಮಾಲೂರು_ಅಪ್ಪ

ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ. ಒರಿಜಿನಲ್ ಕೈ ಬಿಡಬೇಡಿ, ಇಂಪ್ಲಾಂಟಿಗೂ ಅದೇ ಕೇಳುತ್ತಾರೆ. ಮಗುವಿನ ಆಧಾರ್, ನಾಲ್ಕು ಫೋಟೋ, ತಿನ್ನಲು ಏನಾದರೂ ಇಟ್ಟುಕೊಳ್ಳಿ, ಮಧ್ಯಾಹ್ನ ಆಗುತ್ತೆ.